‘ಓದು’ ಎಂಬ ಒಂದು ಮಾತನ್ನು ಸೀಳಿ ನೋಡಿದೆ: ನಲವತ್ತು ಕಾರ್ಡುಗಳ ಅನುಭವ

ಇಂಗ್ಲಿಷ್ ಕ್ಲಾಸಿನೊಳಗೆ ಕನ್ನಡ ಬಂದರೆ ಹುಡುಗರ ಬಾಯಿ ಕೆಡುತ್ತದೆ ಅನ್ನುವುದು ನಮ್ಮ ಕಡೆಯ ಸ್ಪೋಕನ್ ಇಂಗ್ಲಿಷ್ ಮೇಷ್ಟ್ರುಗಳ ಹಳೆಯ ನಂಬಿಕೆ. ಕಲಿಕೆಗೆ ಸಂಬಂಧಿಸಿದ ಇಂಗ್ಲಿಷ್ ಮಾತುಗಳನ್ನು ಕನ್ನಡ ವಾಕ್ಯದಿಂದಲೇ ಹೇಳಿಸುತ್ತೇನೆ ಅಂದಾಗ ಯಾರೂ ಒಪ್ಪಲಿಲ್ಲ. ಈಗ ಏಳು ಬ್ಯಾಚ್ ಮುಗಿದಿವೆ, ಬ್ಯಾಚಿಗೆ ಇಪ್ಪತ್ತು ಮಂದಿ. ಮುಂಬದಿಗೆ ಕನ್ನಡ ವಾಕ್ಯ, ಹಿಂಬದಿಗೆ ಅದರ ಇಂಗ್ಲಿಷ್ ಇರುವ ನಲವತ್ತು ಕಾರ್ಡುಗಳ ಈ ವಿಧಾನ ಗಟ್ಟಿಯಾಗಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಕಲಿಕೆಯ ಮಾತುಗಳ ಈ ಗುಂಪನ್ನೇ ಆರಿಸಿದ್ದಕ್ಕೆ ಕಾರಣ ಇಂಟರ್‌ವ್ಯೂ. ‘ಏನು ಓದಿದ್ದೀರಿ, ಏನು ಗೊತ್ತು, ಎಲ್ಲಿ ಕಲಿತಿರಿ’ ಎಂಬುದೇ ಮೊದಲ ಮೂರು ಪ್ರಶ್ನೆ. ಡಿಪ್ಲೊಮಾ ಮಾಡಿದವರೂ ಅಲ್ಲೇ ಎಡವುತ್ತಾರೆ. ‘ಮೈ ಬ್ರದರ್ ಈಸ್ ರೀಡಿಂಗ್ ಟೆಂತ್’, ‘ಹೀ ಲರ್ನ್ಡ್ ಮೀ ಡ್ರೈವಿಂಗ್’, ‘ತಮಿಳ್ ಈಸ್ ಕಮಿಂಗ್ ಟು ಮೀ’, ‘ಐ ಆಮ್ ನೋಯಿಂಗ್’. ಈ ನಾಲ್ಕೂ ಅಜ್ಞಾನದ ತಪ್ಪುಗಳಲ್ಲ. ಹೆಚ್ಚಿನವುಗಳಲ್ಲಿ ಕನ್ನಡದ ವ್ಯಾಕರಣ ಅಚ್ಚುಕಟ್ಟಾಗಿ ಇಂಗ್ಲಿಷಿನಲ್ಲಿ ಕೂತಿದೆ, ಅಷ್ಟೆ. ನಮ್ಮ ‘ಓದು’ ಪುಸ್ತಕಕ್ಕೂ ಬರುತ್ತದೆ, ಕಾಲೇಜಿಗೂ ಬರುತ್ತದೆ. ‘ಕಲಿ’ಗೆ ‘ಇಸು’ ಹಚ್ಚಿದರೆ ‘ಕಲಿಸು’. ಇಂಗ್ಲಿಷಿಗೆ ಆ ಸೌಲಭ್ಯವಿಲ್ಲ, ಅಲ್ಲಿ ಲರ್ನ್ ಬೇರೆ, ಟೀಚ್ ಬೇರೆ. ‘ನನಗೆ ಗೊತ್ತು’ ಎಂಬಲ್ಲಿ ‘ನನಗೆ’, ಅಲ್ಲಿ ‘ಐ’.

ಮೊದಲ ಸೋಲು ಪುಸ್ತಕದ್ದು. ಸುಮಾರು ನೂರಿಪ್ಪತ್ತು ಪದಗಳ ಕಿರುಪುಸ್ತಕ ಮಾಡಿಸಿದೆ, ಲರ್ನ್, ಸ್ಟಡಿ, ಅಕ್ವೈರ್, ಗ್ರಾಸ್ಪ್, ಮಾಸ್ಟರ್ ಎಲ್ಲ ಒಂದೇ ಪುಟದಲ್ಲಿ ಸಾಲಾಗಿ. ಇನ್ನೂರು ಪ್ರತಿಗೆ ಒಂಬತ್ತು ಸಾವಿರದ ಹತ್ತಿರ ಹೋಯಿತು, ಮೂರರಲ್ಲಿ ಎರಡು ಪಾಲು ಇಂದಿಗೂ ಕಟ್ಟು ಬಿಚ್ಚಿಲ್ಲ. ಹತ್ತಿರದ ಅರ್ಥದ ಮಾತುಗಳನ್ನು ಒಂದೇ ದಿನ ಕೊಟ್ಟರೆ ಅವು ಒಂದಕ್ಕೊಂದು ಸಿಕ್ಕು ಹಾಕಿಕೊಳ್ಳುತ್ತವೆ. ವಾರದ ನಂತರ ಕೇಳಿದರೆ ಐದೂ ನೆನಪಿವೆ, ಯಾವುದು ಎಲ್ಲಿಗೆ ಎಂಬುದು ಮಾತ್ರ ಇಲ್ಲ.

ಎರಡನೆಯ ಸೋಲು ಲ್ಯಾಮಿನೇಶನ್. ಕಾರ್ಡು ಬಾಳಿಕೆ ಬರಲಿ ಎಂದು ನೂರು ಹಾಳೆಗೆ ಎರಡೂವರೆ ಸಾವಿರ ಸುರಿದೆ. ಅದರ ಮೇಲೆ ಪೆನ್ಸಿಲ್ ಓಡುವುದಿಲ್ಲ. ತಪ್ಪಿದ ತಾರೀಕು ಗುರುತು ಹಾಕದಿದ್ದರೆ ಕಾರ್ಡು ಇದ್ದೂ ಇಲ್ಲದ ಹಾಗೆ. ಈಗ 300 ಜಿಎಸ್‌ಎಂ (ಕಾಗದದ ತೂಕದ ಅಳತೆ) ಬಿಳಿ ಬೋರ್ಡು, ಎ4 ಹಾಳೆಯಲ್ಲಿ ಎಂಟು ಕಾರ್ಡು, ಪ್ರೆಸ್ಸಿನಲ್ಲೇ ಕಟಿಂಗ್. ಎರಡೂ ಬದಿ ಕಪ್ಪು ಅಚ್ಚಿಗೆ ಹಾಳೆಗೆ ಹದಿಮೂರು ರೂಪಾಯಿ ಆಸುಪಾಸು. ನಲವತ್ತು ಕಾರ್ಡು ಅಂದರೆ ಐದು ಹಾಳೆ, ಒಬ್ಬರಿಗೆ ಅರವತ್ತೈದು ರೂಪಾಯಿ. ಇದನ್ನು ಫೀಸಿನಲ್ಲೇ ಸೇರಿಸಿ, ಬೇರೆ ಕೇಳಿದರೆ ಅರ್ಧ ಜನ ತೆಗೆದುಕೊಳ್ಳುವುದಿಲ್ಲ.

ಕಾರ್ಡಿನ ಮುಂಬದಿಯಲ್ಲಿ ಒಂಟಿ ಪದ ಇರಕೂಡದು. ಆಡುಮಾತಿನ ಪೂರ್ತಿ ವಾಕ್ಯ ಬೇಕು. ‘ನನ್ನ ತಂಗಿ ಹತ್ತನೇ ಕ್ಲಾಸು ಓದ್ತಿದಾಳೆ’ ಎಂಬುದಕ್ಕೆ ಹಿಂಬದಿ ‘ಮೈ ಸಿಸ್ಟರ್ ಈಸ್ ಇನ್ ಟೆಂತ್’. ಓದುವ ಕ್ರಿಯಾಪದವೇ ಬೇಡ. ‘ಧಾರವಾಡದಲ್ಲಿ ಓದಿದೆ’ ಅಂದರೆ ‘ಐ ಸ್ಟಡೀಡ್ ಇನ್ ಧಾರವಾಡ’. ‘ಅಪ್ಪ ಕಷ್ಟಪಟ್ಟು ನನ್ನನ್ನು ಓದಿಸಿದರು’ ಎಂಬ ಕಾರ್ಡು ನನಗೆ ಬಹಳ ಇಷ್ಟ: ‘ಮೈ ಫಾದರ್ ವರ್ಕ್ಡ್ ಹಾರ್ಡ್ ಟು ಪುಟ್ ಮೀ ಥ್ರೂ ಕಾಲೇಜ್’. ‘ಓದಿಸು’ವಿಗೆ ‘ಪುಟ್ ಥ್ರೂ’ ಬರುತ್ತದೆ ಎಂದು ಡಿಕ್ಷನರಿ ತಿರುವಿ ಯಾರಿಗೂ ಹೊಳೆಯುವುದಿಲ್ಲ.

‘ಗೊತ್ತು’ ಮತ್ತು ‘ಗೊತ್ತಾಯ್ತು’ ಬೇರೆ ಬೇರೆ ಕಾರ್ಡು. ಮೊದಲನೆಯದು ಸ್ಥಿತಿ, ‘ಐ ನೋ’, ಅದಕ್ಕೆ ‘ಇಂಗ್’ ಹಚ್ಚಬಾರದು. ಎರಡನೆಯದು ಘಟನೆ, ‘ಐ ಫೌಂಡ್ ಔಟ್’. ‘ಐ ಕೇಮ್ ಟು ನೋ’ ತಪ್ಪಲ್ಲ, ಆದರೆ ನಮ್ಮವರು ಎಲ್ಲದಕ್ಕೂ ಅದನ್ನೇ ಹಾಕುತ್ತಾರೆ. ಬಸ್ಸು ಬರಲ್ಲ ಅಂತ ಗೊತ್ತಾದದ್ದಕ್ಕೂ ಅದೇ. ‘ತಿಳಿಸು’ ಅಂದರೆ ‘ಲೆಟ್ ಮೀ ನೋ’. ‘ನನಗೆ ಈಜು ಬರುತ್ತೆ’ ಅಂದರೆ ‘ಐ ಕ್ಯಾನ್ ಸ್ವಿಮ್’, ‘ತಮಿಳು ಬರುತ್ತೆ’ ಅಂದರೆ ‘ಐ ಸ್ಪೀಕ್ ತಮಿಳ್’. ಈ ‘ಬರುತ್ತೆ’ಗೆ ಒಂದೇ ಇಂಗ್ಲಿಷ್ ಮಾತು ಹುಡುಕಲು ಹೋಗಬೇಡಿ, ಸಿಗುವುದಿಲ್ಲ.

ನುಡಿಗಟ್ಟುಗಳಲ್ಲಿ ಕನ್ನಡವೇ ಕೈಹಿಡಿಯುತ್ತದೆ. ‘ಈಗ ಕೈ ಕುದುರಿತು’ ಅನ್ನುವಲ್ಲಿ ‘ಐ ಹ್ಯಾವ್ ಗಾಟ್ ದ ಹ್ಯಾಂಗ್ ಆಫ್ ಇಟ್’. ‘ಪಕ್ಕದ ಮನೆಯವರಿಂದ ತೆಲುಗು ಕಲಿತೆ’ ಅಂದರೆ ‘ಪಿಕ್ಡ್ ಅಪ್’, ಯಾಕೆಂದರೆ ಅಲ್ಲಿ ಪಾಠವಿಲ್ಲ, ಕಿವಿಗೆ ಬಿದ್ದು ಬಂದದ್ದು. ‘ಕೆಟ್ಟ ಮೇಲೆ ಬುದ್ಧಿ ಬಂತು’ ಎಂಬುದಕ್ಕೆ ‘ಐ ಲರ್ನ್ಟ್ ಇಟ್ ದ ಹಾರ್ಡ್ ವೇ’ ಹೊಂದುವಷ್ಟು ಬೇರೆ ಯಾವುದೂ ಹೊಂದುವುದಿಲ್ಲ. ಮರೆತ ಲೆಕ್ಕವನ್ನು ಮತ್ತೆ ತಿರುವಿ ಹಾಕುವುದು ‘ಬ್ರಷ್ ಅಪ್’. ಉರು ಹೊಡೆಯುವುದು ‘ಲರ್ನ್ ಬೈ ಹಾರ್ಟ್’. ‘ಬೈಹಾರ್ಟೆಡ್’ ಎಂಬುದು ನಮ್ಮ ಕಡೆ ಬಿಟ್ಟರೆ ಹೆಚ್ಚು ಕಡೆ ನಡೆಯುವುದಿಲ್ಲ. ‘ಪಾಸ್ಡ್ ಔಟ್ ಇನ್ 2019’ ಕೂಡ ಹಾಗೆಯೇ, ಹೊರಗಿನವರಿಗೆ ಅದು ಮೂರ್ಛೆ ಹೋದಂತೆ ಕೇಳಿಸುತ್ತದೆ. ‘ಗ್ರಾಜುಯೇಟೆಡ್’ ಅನ್ನಿಸಿ. ಉಚ್ಚಾರಣೆಯಲ್ಲಿ ಒಂದೇ ಎಚ್ಚರಿಕೆ: ‘ನೋ’ ಇದ್ದದ್ದು ‘ನಾಲೆಜ್’ ಆಗುತ್ತದೆ, ‘ನೋಲೆಜ್’ ಅಲ್ಲ, ಅದಕ್ಕೆ ಬಹುವಚನವೂ ಇಲ್ಲ.

ಈಗ ಕಾರ್ಡುಗಳನ್ನು ನಡೆಸುವ ಕ್ರಮ. ಒಂದು ಬ್ಯಾಚು ಆರು ವಾರ. ದಿನಕ್ಕೆ ಎರಡೇ ಹೊಸ ಕಾರ್ಡು, ವಾರಕ್ಕೆ ಐದು ದಿನ. ನಾಲ್ಕು ವಾರಕ್ಕೆ ನಲವತ್ತು ಮುಗಿಯುತ್ತವೆ, ಉಳಿದ ಎರಡು ವಾರ ಬರೀ ಹಳೆಯದನ್ನು ತಿರುವಿ ಹಾಕುವುದು. ಒಂದೇ ಕನ್ನಡ ಕ್ರಿಯಾಪದದ ಎರಡು ಕಾರ್ಡುಗಳ ನಡುವೆ ಕಡಿಮೆಯೆಂದರೆ ಐದು ಕ್ಲಾಸು ಬಿಡಬೇಕು. ರೀಡ್ ಸೋಮವಾರ ಬಂದರೆ ಸ್ಟಡಿ ಮುಂದಿನ ಮಂಗಳವಾರ. ಪುಸ್ತಕದಲ್ಲಿ ಸೋತದ್ದು ಇಲ್ಲಿ ಗೆದ್ದಿತು. ಮಿಠಾಯಿ ಡಬ್ಬಿಗೆ ರಟ್ಟಿನ ಎರಡು ಅಡ್ಡಗೋಡೆ ಹಾಕಿದರೆ ಮೂರು ಖಾನೆ: ದಿನಾ, ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ. ಐದು ಸೆಕೆಂಡಿನೊಳಗೆ ಬಾಯಿ ಬಿಟ್ಟು ಹೇಳಿದರೆ ಕಾರ್ಡು ಮುಂದಿನ ಖಾನೆಗೆ, ತಡವರಿಸಿದರೆ ಮೊದಲನೆಯದಕ್ಕೆ ವಾಪಸ್. ಮನಸ್ಸಿನಲ್ಲೇ ಹೇಳಿಕೊಂಡದ್ದು ಲೆಕ್ಕಕ್ಕಿಲ್ಲ. ಮೂರನೇ ವಾರದಲ್ಲಿ ಎಲ್ಲ ಬ್ಯಾಚೂ ಸುಸ್ತಾಗುತ್ತದೆ, ಮೊದಲ ಖಾನೆ ತುಂಬಿ ತುಳುಕುತ್ತದೆ. ಆಗ ಹೊಸ ಕಾರ್ಡನ್ನು ಎರಡು ದಿನ ನಿಲ್ಲಿಸಿ, ಆ ನಾಲ್ಕನ್ನು ಐದನೇ ವಾರಕ್ಕೆ ತಳ್ಳಿ. ಆ ಎರಡು ದಿನ ನಾನು ಏನು ಮಾಡಿಸುತ್ತೇನೆ, ಮೊದಲ ಹತ್ತು ಕಾರ್ಡುಗಳ ಸರದಿ ಏನು, ಇವೆರಡನ್ನು ಇಲ್ಲಿ ಬಿಚ್ಚುವುದಿಲ್ಲ. ಎರಡು ವರ್ಷ ತಿದ್ದಿ ತಿದ್ದಿ ಸಿಕ್ಕಿದ್ದು, ಅನ್ನವೂ ಅದರಿಂದಲೇ.

ನಡುವೆ ಬೇರೆ ಪ್ರಯೋಗಗಳೂ ಆದವು. ಒಂದು ಬ್ಯಾಚಿಗೆ ಕಾರ್ಡನ್ನು ತಿರುಗಿಸಿ ಇಂಗ್ಲಿಷ್ ಮುಂದಿಟ್ಟೆ. ಅರ್ಥ ಹೇಳುವುದರಲ್ಲಿ ಹತ್ತಕ್ಕೆ ಒಂಬತ್ತು ಸರಿ, ಮಾತಿನಲ್ಲಿ ಒಂದೂ ಹೊರಬರಲಿಲ್ಲ. ಇನ್ನೊಂದಕ್ಕೆ ಆಂಕಿಡ್ರಾಯ್ಡ್ ಹಾಕಿಸಿದೆ. ಪುಕ್ಕಟೆ ಆ್ಯಪ್, ಖಾನೆಯ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ. ಆದರೆ ಫೋನಿನಲ್ಲಿ ಬೆರಳು ಓಡುತ್ತದೆ, ಬಾಯಿ ತೆರೆಯುವುದಿಲ್ಲ. ಒಂಟಿಯಾಗಿ ಕಲಿಯುವವರಿಗೆ ಅದು ಸಾಕು, ಬ್ಯಾಚಿಗೆ ಡಬ್ಬಿಯೇ ಮೇಲು. ಮಾತಿನ ಮೂಲ ಹೇಳಿಯೂ ನೋಡಿದೆ. ‘ಲರ್ನ್ ದ ರೋಪ್ಸ್’ (ಕೆಲಸದ ಪಟ್ಟು ಕಲಿಯುವುದು) ಹಾಯಿಹಡಗಿನ ಹಗ್ಗಗಳಿಂದ ಬಂದ ಮಾತು ಎಂದು ವಿವರಿಸಿದ ದಿನ ಅದನ್ನು ಯಾರೂ ಮರೆಯಲಿಲ್ಲ, ಆದರೆ ಅಂಥ ಚಿತ್ರ ಎಲ್ಲ ಮಾತಿಗೂ ಸಿಗುವುದಿಲ್ಲ.

ನೆನಪಿನಿಂದ ಹೇಳುವುದಾದರೆ, ಮೊದಲ ದಿನ ನಲವತ್ತು ವಾಕ್ಯ ಕೊಟ್ಟಾಗ ಸರಾಸರಿ ಒಂಬತ್ತೋ ಹತ್ತೋ ಸರಿಯಾಗುತ್ತವೆ. ಆರು ವಾರದ ಕೊನೆಗೆ ಮೂವತ್ತರ ಮೇಲೆ. ಮೂರು ತಿಂಗಳು ಡಬ್ಬಿ ಮುಟ್ಟದವರನ್ನು ಕರೆದು ಕೇಳಿದಾಗಲೂ ಇಪ್ಪತ್ತೈದಕ್ಕೆ ಇಳಿಯಲಿಲ್ಲ. ಕನ್ನಡ ಬೇಡ ಅಂದಿದ್ದವರಲ್ಲಿ ಇಬ್ಬರು ಈಗ ನನ್ನ ಪ್ರೆಸ್ಸಿನಲ್ಲೇ ಕಾರ್ಡು ಹಾಕಿಸುತ್ತಿದ್ದಾರೆ.

ಸದ್ಯ ‘ಕೇಳು’ ಹಿಡಿದಿದ್ದೇನೆ. ಆಸ್ಕ್, ಹಿಯರ್, ಲಿಸನ್ ಮೂರೂ ಅದರಲ್ಲೇ ಇವೆ. ಹಿಯರ್ ಮತ್ತು ಲಿಸನ್ ನಡುವೆ ಐದು ಕ್ಲಾಸಿನ ಅಂತರ ಸಾಲುತ್ತಿಲ್ಲ, ಎಂಟಕ್ಕೆ ಏರಿಸಿ ನೋಡುತ್ತಿದ್ದೇನೆ.