ಪದಕದ ಅಂಚು, ಕಾಯಿದೆಯ ಪುಟ: ರೈಲ್ವೆ ಸ್ವಯಂಸೇವಕ ಪಡೆಯ ಚರಿತ್ರೆಯನ್ನು ನಾನು ಜೋಡಿಸಿದ ಬಗೆ

ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ 1885ರಷ್ಟು ಹಳೆಯದು. ಅದನ್ನು ಕಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಐರೋಪ್ಯ ಮತ್ತು ಆಂಗ್ಲೋ-ಇಂಡಿಯನ್ ನೌಕರರು ದುಡಿಮೆಯ ಜೊತೆಗೆ ಬಂದೂಕು ಹಿಡಿದು ಕವಾಯತನ್ನೂ ಮಾಡುತ್ತಿದ್ದರು ಎಂಬುದು ನಮ್ಮ ಊರಿನ ಸ್ಥಳೀಯ ಚರಿತ್ರೆಯಲ್ಲಿ ಹೆಚ್ಚು ಪ್ರಸ್ತಾಪವಾಗದ ವಿಷಯ. ಈ ಪಡೆಯ ತರಬೇತಿ ಹೇಗಿತ್ತು, ಅದು ಹೇಗೆ ಹೇಗೆ ಮರುರೂಪ ಪಡೆಯಿತು ಎಂಬುದನ್ನು ತಿಳಿಯಲು ನಾನು ಮೊದಲು ಕೈಗೆತ್ತಿಕೊಂಡದ್ದು ಕಾಯಿದೆಗಳನ್ನು. ಬಿಲ್ಲೆ, ಸಮವಸ್ತ್ರ, ಹಳೆಯ ಭಾವಚಿತ್ರಗಳಿಂದ ಹೊರಟವರಿಗೆ ಹೆಸರುಗಳ ಗೊಂದಲವೇ ಮುಗಿಯುವುದಿಲ್ಲ. ಯಾರ ಮೇಲೆ ಯಾವ ಹೊಣೆ, ಖರ್ಚು ಕೊಡುವವರು ಯಾರು ಎಂದು ಕೇಳಿಕೊಂಡು ಹೊರಟರೆ ದಾರಿ ತಾನಾಗಿ ತೆರೆಯುತ್ತದೆ.

1857ರ ನೆನಪು ಹಸಿಯಾಗಿದ್ದಾಗ ಹುಟ್ಟಿದ ಇಂಥ ಪಡೆಗಳಿಗೆ 1869ರ ಸ್ವಯಂಸೇವಕರ ಕಾಯಿದೆ ಚೌಕಟ್ಟು ಒದಗಿಸಿತು. ಗಲಭೆಯ ಕಾಲದಲ್ಲಿ ಸೇತುವೆ, ನಿಲ್ದಾಣ, ಹಳಿಗಳನ್ನು ಕಾಯುವುದು ರೈಲ್ವೆ ಪಡೆಗಳ ಕೆಲಸ. ಪ್ರತಿ ಪಡೆಗೂ ಖಾಯಂ ಸೈನ್ಯದಿಂದ ಒಬ್ಬ ಅಡ್ಜುಟಂಟ್ (ಆಡಳಿತ ನೋಡಿಕೊಳ್ಳುವ ಅಧಿಕಾರಿ) ಮತ್ತು ಕವಾಯತು ಕಲಿಸುವ ಸಾರ್ಜೆಂಟರು ಬರುತ್ತಿದ್ದರು. ಉಳಿದ ಅಧಿಕಾರಿಗಳು ಬಹುಮಟ್ಟಿಗೆ ಕಂಪನಿಯ ಎಂಜಿನಿಯರುಗಳು ಮತ್ತು ಮೇಲಧಿಕಾರಿಗಳೇ. ನಿಗದಿತ ಕವಾಯತು ಮತ್ತು ಗುರಿ ಅಭ್ಯಾಸ ಮುಗಿಸಿ 'ದಕ್ಷ' ಎನಿಸಿಕೊಂಡ ಪ್ರತಿಯೊಬ್ಬನ ತಲೆಗೆ ಇಷ್ಟೆಂದು ಸರ್ಕಾರ ಪಡೆಗೆ ಅನುದಾನ ಕೊಡುತ್ತಿತ್ತು. ಈ ತಲೆಲೆಕ್ಕದ ಹಣವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ, ಹಾಜರಿ ಪಟ್ಟಿಗಳ ಬಗ್ಗೆ ಆ ಕಾಲದವರಿಗೆ ಅಷ್ಟೊಂದು ಕಾಳಜಿ ಏಕಿತ್ತೆಂಬುದು ಅರ್ಥವಾಗುತ್ತದೆ. ಸ್ವಯಂಸೇವಕ ಎಂಬ ಮಾತನ್ನೂ ತುಸು ಅನುಮಾನದಿಂದಲೇ ನೋಡಬೇಕು, ಏಕೆಂದರೆ ಹಲವು ರೈಲ್ವೆ ಕಂಪನಿಗಳು ತಮ್ಮ ಐರೋಪ್ಯ ನೌಕರರಿಗೆ ಪಡೆ ಸೇರುವುದನ್ನು ನೇಮಕದ ಷರತ್ತಾಗಿಯೇ ಮಾಡಿದ್ದವು. ಅದೇ ಕಾರ್ಯಾಗಾರದ ಭಾರತೀಯ ಕಮ್ಮಾರ, ಫಿಟ್ಟರ್, ಖಲಾಸಿಗಳಿಗೆ ಮಾತ್ರ ಪ್ರವೇಶವಿರಲಿಲ್ಲ. ಭಾರತೀಯರಿಗೂ ಸ್ವಯಂಸೇವಕರಾಗಲು ಅವಕಾಶ ಕೊಡಬೇಕೆಂದು ಕಾಂಗ್ರೆಸ್ 1886ರ ಕಲ್ಕತ್ತಾ ಅಧಿವೇಶನದಲ್ಲೇ ಕೇಳಿತ್ತು.

1908ರಲ್ಲಿ ಮದ್ರಾಸ್ ರೈಲ್ವೆ ಮತ್ತು ಸದರ್ನ್ ಮರಾಠಾ ರೈಲ್ವೆ ಒಂದಾದವು. ಪಡೆಗಳ ಹೆಸರೂ ಕಂಪನಿಯ ಹಿಂದೆ ನಡೆದು ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ ರೈಫಲ್ಸ್ ಆಯಿತು. ಇದು ಫಲಕ ಬದಲಾದಷ್ಟೇ ಸಂಗತಿ. ನಿಜವಾದ ಪಲ್ಲಟ 1917ರದು. ಮಹಾಯುದ್ಧದ ಒತ್ತಡದಲ್ಲಿ ಬಂದ ಇಂಡಿಯನ್ ಡಿಫೆನ್ಸ್ ಫೋರ್ಸ್ ಕಾಯಿದೆ ಐರೋಪ್ಯ ಬ್ರಿಟಿಷ್ ಪ್ರಜೆಗಳಿಗೆ ಸೇವೆಯನ್ನು ಕಡ್ಡಾಯಗೊಳಿಸಿತು: 16ರಿಂದ 18ರ ಹುಡುಗರಿಗೆ ತರಬೇತಿ ಮಾತ್ರ, 18ರಿಂದ 41ರವರೆಗಿನವರಿಗೆ ಭಾರತದೊಳಗೆ ಎಲ್ಲಿ ಬೇಕಾದರೂ ಸೇವೆ, ಅಲ್ಲಿಂದ 50ರವರೆಗೆ ಸ್ಥಳೀಯ ಸೇವೆ. 1920ರಲ್ಲಿ ಕಡ್ಡಾಯ ಹೋಗಿ, ಒಂದೇ ವರ್ಷ ಎರಡು ಕಾಯಿದೆಗಳು ಬಂದವು. ಐರೋಪ್ಯರು ಮತ್ತು ಆಂಗ್ಲೋ-ಇಂಡಿಯನ್ನರಿಗೆ ಆಕ್ಸಿಲಿಯರಿ ಫೋರ್ಸ್ (ಸಹಾಯಕ ಪಡೆ), ಭಾರತೀಯರಿಗೆ ಟೆರಿಟೋರಿಯಲ್ ಫೋರ್ಸ್ (ಪ್ರಾದೇಶಿಕ ಪಡೆ). ಮೊದಲನೆಯದರಲ್ಲಿ ಸೇವೆ ಸ್ಥಳೀಯವಾಗಿ ಮಾತ್ರ, ತರಬೇತಿಯ ಭಾರ ವಯಸ್ಸಿನ ಪ್ರಕಾರ: ಕಿರಿಯರಿಗೆ ಹೆಚ್ಚು, ಹಿರಿಯರಿಗೆ ಕಡಿಮೆ. ಜನಾಂಗದ ಗೆರೆಯನ್ನು ಅಳಿಸುವ ಬದಲು ಅದನ್ನು ಎರಡು ಕಾಯಿದೆಗಳಾಗಿ ಅಚ್ಚುಹಾಕಿದ ಈ ಪುನಾರಚನೆಯನ್ನು ಸುಧಾರಣೆ ಎನ್ನಲು ನನಗೆ ಮನಸ್ಸು ಬಾರದು.

ಕಾಗದದ ಮೇಲಿನ ಈ ಬದಲಾವಣೆ ಮನುಷ್ಯರ ಮಟ್ಟದಲ್ಲಿ ಎಷ್ಟು ನಿಜ ಎಂದು ತಿಳಿಯಲು ನನಗೆ ನೆರವಾದದ್ದು ಪದಕಗಳು. ಇಪ್ಪತ್ತು ವರ್ಷ ಸೇವೆ ಮಾಡಿದ ಸ್ವಯಂಸೇವಕನಿಗೆ 1896ರಿಂದ ಭಾರತದಲ್ಲಿ ಹಸಿರು ಪಟ್ಟಿಯ ಬೆಳ್ಳಿಯ ಪದಕ ದೊರೆಯುತ್ತಿತ್ತು. ಅದರ ಮುಖದಲ್ಲಿ ಆಗಿನ ರಾಣಿಯ ಅಥವಾ ರಾಜನ ತಲೆ, ಆದರೆ ಓದಬೇಕಾದದ್ದು ಅಂಚನ್ನು. ದೀಪವನ್ನು ಓರೆಯಾಗಿಟ್ಟು ಭೂತಗನ್ನಡಿಯ ಕೆಳಗೆ ಪದಕವನ್ನು ನಿಧಾನವಾಗಿ ತಿರುಗಿಸಿದರೆ ದರ್ಜೆ, ಹೆಸರು, ಪಡೆಯ ಸಂಕ್ಷಿಪ್ತ ನಾಮ ಒಂದಾದ ಮೇಲೊಂದು ಕಾಣುತ್ತವೆ. ಉಜ್ಜಿ ಉಜ್ಜಿ ಸವೆದಲ್ಲಿ ಅಕ್ಷರದ ತಳಭಾಗ ಮಾತ್ರ ಉಳಿದಿರುತ್ತದೆ. ಕೊನೆಯಲ್ಲಿ ಎ.ಎಫ್.ಐ. (ಆಕ್ಸಿಲಿಯರಿ ಫೋರ್ಸ್, ಇಂಡಿಯಾ) ಎಂದಿದ್ದರೆ ಅದು ಆಕ್ಸಿಲಿಯರಿ ಫೋರ್ಸ್ ಕಾಲದ್ದು, ಅಂದರೆ 1920ರ ನಂತರದ್ದು. 1930ರಲ್ಲಿ ಈ ಪದಕದ ಬದಲು ಬೇರೊಂದು ಬಂತು. ಹತ್ತು ವರ್ಷದ ಆ ಅವಧಿಯಲ್ಲಿ ಇಪ್ಪತ್ತು ವರ್ಷದ ಸೇವೆ ತುಂಬಲಾರದು. ಆದ್ದರಿಂದ ಹಳೆಯ ಸ್ವಯಂಸೇವೆಯನ್ನೂ ಸೇರಿಸಿಯೇ ಸರ್ಕಾರ ಲೆಕ್ಕ ಹಾಕಿದೆ. ಕಾಯಿದೆಯ ದೃಷ್ಟಿಯಲ್ಲಿ ಬೇರೆ ಬೇರೆಯಾದ ಪಡೆಗಳು ಪದಕದ ಲೆಕ್ಕದಲ್ಲಿ ಒಂದೇ ಸೇವೆಯಾಗಿದ್ದವು.

ಅಧಿಕಾರಿಗಳ ಮಟ್ಟಿಗೆ ಇದನ್ನೇ ಇಂಡಿಯನ್ ಆರ್ಮಿ ಲಿಸ್ಟ್ ಎಂಬ ಸರ್ಕಾರಿ ಪಟ್ಟಿಯಲ್ಲಿ ಪರೀಕ್ಷಿಸಬಹುದು. ಅದರ ಸ್ವಯಂಸೇವಕರ ಭಾಗದಲ್ಲಿ ಹೆಸರಿನ ಮುಂದೆ ನೇಮಕದ ದಿನಾಂಕವಿರುತ್ತದೆ. 1917ಕ್ಕಿಂತ ಮುಂಚಿನ ಒಂದು ಸಂಪುಟ, 1920ರ ನಂತರದ ಇನ್ನೊಂದು, ಎರಡನ್ನೂ ಅಕ್ಕಪಕ್ಕ ಇಟ್ಟು ಯಾರು ಉಳಿದರು, ಯಾರು ಬಿಟ್ಟುಹೋದರು ಎಂದು ಗುರುತು ಹಾಕುವುದು ನನ್ನ ಪದ್ಧತಿ. ಸಾಮಾನ್ಯ ಸಿಪಾಯಿಗಳ ಹೆಸರು ಅಲ್ಲಿ ಸಿಗದು. ಅವರಿಗೆ ಪದಕದ ಅಂಚೇ ಗತಿ.

1947ರಲ್ಲಿ ಆಕ್ಸಿಲಿಯರಿ ಫೋರ್ಸ್ ವಿಸರ್ಜನೆಯಾಯಿತು. 1949ರಲ್ಲಿ ರಾಜಾಜಿಯವರು ಉದ್ಘಾಟಿಸಿದ ಟೆರಿಟೋರಿಯಲ್ ಆರ್ಮಿಯಲ್ಲೂ ರೈಲ್ವೆ ನೌಕರರ ಘಟಕಗಳು ಬಂದವು. ಅವನ್ನು ಹಳೆಯ ರೈಫಲ್ಸ್‌ನ ವಾರಸುದಾರರೆಂದು ಕರೆಯುವವರಿದ್ದಾರೆ. ಹೆಸರಿನಲ್ಲೂ ಭಾರತೀಯರಿಗೆ ತೆರೆದ ಬಾಗಿಲಿನಲ್ಲೂ ಅವುಗಳ ನಂಟಿರುವುದು 1920ರ ಎರಡನೆಯ ಕಾಯಿದೆಯ ಜೊತೆಗೇ ಹೊರತು ಮೊದಲನೆಯದರ ಜೊತೆಗಲ್ಲ ಎಂಬುದು ನನ್ನ ಅಭಿಪ್ರಾಯ.