ಗೋಡೆ ಮುಳುಗಿತು, ಬುಟ್ಟಿ ಬಂತು

ಶರಾವತಿ ನದಿಗೆ ಅಣೆಕಟ್ಟೆ ಕಟ್ಟಿದಾಗ ಆದ ಮುಳುಗಡೆಯಲ್ಲಿ ಮನೆ ಕಳೆದುಕೊಂಡ ಹತ್ತು ವರ್ಷದ ಹುಡುಗಿಯೊಬ್ಬಳ ಕತೆಯನ್ನು ಮಕ್ಕಳಿಗಾಗಿ ಬರೆದೆ. ಮೂರು ಸಲ ತಿದ್ದಬೇಕಾಯಿತು. ಮೊದಲ ಸಲ ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿದದ್ದು, ನೀರಿನ ಮಟ್ಟ 1819 ಅಡಿ, ಹಳೆಯ ಮಡೆನೂರು ಅಣೆಕಟ್ಟೆಯೇ ಅದರೊಳಗೆ ಮುಳುಗಿದ್ದು, ಎಲ್ಲ ಒಂದೇ ಅಧ್ಯಾಯಕ್ಕೆ ತುಂಬಿದ್ದೆ. ಸಾಗರದ ಹತ್ತಿರದ ಶಾಲೆಯೊಂದರಲ್ಲಿ ಏಳನೇ ಕ್ಲಾಸಿನವರಿಗೆ ಓದಿ ಹೇಳಿದೆ. ಎರಡನೇ ಪುಟಕ್ಕೇ ಮಕ್ಕಳು ಕಿಟಕಿ ಕಡೆ ನೋಡತೊಡಗಿದರು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಒಂದೇ ರಾತ್ರಿ ನೀರು ನುಗ್ಗಿತು, ಹುಡುಗಿ ಗೋಳೋ ಅಂತ ಅತ್ತಳು ಎಂದು ಬರೆದಿದ್ದೆ. ಮುಳುಗಡೆಯಿಂದ ಎದ್ದು ಬಂದ ಅಜ್ಜಿಯೊಬ್ಬರಿಗೆ ಓದಿ ಹೇಳಿದಾಗ ಅವರು ಅಡಿಕೆ ಸುಲಿಯುವುದನ್ನು ನಿಲ್ಲಿಸಲೇ ಇಲ್ಲ. "ಅಳಕ್ಕೆ ಪುರುಸೊತ್ತು ಎಲ್ಲಿತ್ತು ಮಗಾ? ಜಂತಿ ಇಳಿಸ್ಬೇಕು, ಬಾಗ್ಲು ಕೀಳ್ಬೇಕು, ದನ ಹೊಡ್ಕಂಡು ಹೋಗ್ಬೇಕು" ಎಂದರು. ನೀರು ಮಳೆಗಾಲವಿಡೀ ನಿಧಾನಕ್ಕೆ ಏರಿತ್ತು. ಮೊದಲು ಗದ್ದೆ, ಆಮೇಲೆ ತೋಟ, ಆಮೇಲೆ ಅಂಗಳ. ಆ ಅಧ್ಯಾಯ ಪೂರ್ತಿ ಹರಿದು ಹಾಕಿದೆ.

ಹುಡುಗಿ ಮಲೆನಾಡಿನ ದೀವರು ಸಮುದಾಯದ ಮನೆಯವಳು. ಆ ಮನೆಗಳ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಗೋಡೆಯನ್ನು ಹೊತ್ತುಕೊಂಡು ಹೋಗಲಾಗುವುದಿಲ್ಲ, ಅಲ್ವಾ? ಇಲ್ಲೇ ಸುಮಾರು ದಿನ ಸಿಕ್ಕಿಹಾಕಿಕೊಂಡೆ. ಕೊನೆಗೆ ಭೂಮಿ ಹುಣ್ಣಿಮೆ ಹಬ್ಬಕ್ಕೆ ಗದ್ದೆಗೆ ಎಡೆ ಹೊತ್ತೊಯ್ಯುವ ಬುಟ್ಟಿ ನೆನಪಾಯಿತು. ಅದರ ಮೇಲೂ ಅದೇ ಚಿತ್ತಾರ ಇರುತ್ತದೆ, ಅದನ್ನು ತಲೆ ಮೇಲೆ ಇಟ್ಟುಕೊಂಡು ಎಲ್ಲಿಗೆ ಬೇಕಾದರೂ ನಡೆಯಬಹುದು. ಅಲ್ಲಿಂದ ಕತೆ ತಾನಾಗಿ ಹೊರಟಿತು.

ಶಿವಮೊಗ್ಗದ ಕಡೆ ಕಾಡು ಕಡಿದು ಕಟ್ಟಿದ ಹೊಸ ಗುಡಿಸಲು. ಅಮ್ಮನಿಗೆ ಕೈ ಬಿಡುವಿಲ್ಲ. ಹುಡುಗಿ ಬುಟ್ಟಿ ನೋಡಿಕೊಂಡು ಗೋಡೆ ಮೇಲೆ ಮೊದಲ ಎಳೆ ಎಳೆಯುತ್ತಾಳೆ, ಅದು ಸೊಟ್ಟಗಾಗುತ್ತದೆ. ಅಮ್ಮ ಅಳಿಸುವುದಿಲ್ಲ. ಪಕ್ಕದಲ್ಲೇ ಒಂದು ನೆಟ್ಟಗಿನ ಎಳೆ ಎಳೆದು ಒಲೆ ಕಡೆ ಹೋಗುತ್ತಾಳೆ. ಮೊದಲಿನ ಪ್ರತಿಯಲ್ಲಿ ಅಮ್ಮನ ಬಾಯಲ್ಲಿ "ನಾವು ಯಾರು ಅನ್ನೋದನ್ನ ಮರೀಬಾರದು" ಎಂಬ ದೊಡ್ಡ ಮಾತಿತ್ತು. ಓದಿದಾಗ ನನಗೇ ಸುಳ್ಳು ಅನ್ನಿಸಿತು, ತೆಗೆದೆ. ಮಕ್ಕಳಿಗೆ ಬರೆಯುವವರು ಇಂಥ ಮಾತು ಜಾಸ್ತಿ ಬರೆಯುತ್ತೇವೆ, ಕೈಯ ಕೆಲಸ ತೋರಿಸಿದರೆ ಅವರಿಗೆ ಅರ್ಥವಾಗುತ್ತದೆ.

ಮತ್ತೆ ಅದೇ ಶಾಲೆಯಲ್ಲಿ ಓದಿದೆ. ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ್, ಆ ಡ್ಯಾಮಿನ ಕರೆಂಟು ಅವಳ ಮನೆಗೂ ಬಂತಾ?" ಎಂದು ಕೇಳಿದ. ಮುಳುಗಡೆಯ ಎಷ್ಟೋ ಮನೆಗಳಿಗೆ ವರ್ಷಗಟ್ಟಲೆ ಬರಲಿಲ್ಲ. ಮನೆಗೆ ಬಂದು ಕೊನೆಯ ಅಧ್ಯಾಯ ತಿದ್ದಿದೆ. ಈಗ ಅದರಲ್ಲಿ ಅವಳು ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಲೆಕ್ಕ ಮಾಡುತ್ತಾಳೆ, ಹಿಂದೆ ಗೋಡೆಯಲ್ಲಿ ಆ ಸೊಟ್ಟ ಎಳೆ ಕಾಣುತ್ತದೆ.