ತೋಳಗಳ ಬಯಲಿನಲ್ಲಿ ದಾಖಲೆಯ ಛಾಯಾಗ್ರಹಣ: ನನ್ನ ಅನುಭವ

ಪುಣೆಯಲ್ಲಿ ನೆಲೆಸಿದ ಮೇಲೆ ನಾನು ಕ್ಯಾಮೆರಾ ಹಿಡಿದದ್ದು ಹೆಚ್ಚಾಗಿ ತೋಳಗಳಿಗಾಗಿಯೇ. ಸಾಸವಡದಿಂದ ಜೇಜುರಿ, ಸುಪೆ, ಬಾರಾಮತಿಗಳನ್ನು ಹಾದು ಇಂದಾಪುರದವರೆಗೆ ತುಂಡುತುಂಡಾಗಿ ಉಳಿದಿರುವ ಒಣ ಹುಲ್ಲುಗಾವಲು ಅವುಗಳ ನೆಲೆ. 2022ರಲ್ಲಿ ಪ್ರಕಟವಾದ ಅಂದಾಜಿನಂತೆ ದೇಶದಲ್ಲಿರುವ ತೋಳಗಳು ಸುಮಾರು 3,100. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಕೊಡುವ ಮೊದಲನೆಯ ಅನುಸೂಚಿಯಲ್ಲಿ ಹುಲಿಯ ಜೊತೆಗೇ ತೋಳದ ಹೆಸರೂ ಇದೆ. ಆದರೆ ಅದು ಬದುಕುವ ನೆಲಕ್ಕೆ ಸರ್ಕಾರಿ ಕಡತಗಳಲ್ಲಿ ಬಹುಮಟ್ಟಿಗೆ ಪಾಳುಭೂಮಿ ಎಂಬ ಹಣೆಪಟ್ಟಿ. ಸುಪೆಯ ಮಯೂರೇಶ್ವರ ಅಭಯಾರಣ್ಯದ ವಿಸ್ತಾರ ಕೇವಲ 5 ಚದರ ಕಿಲೋಮೀಟರಿನಷ್ಟು, ಒಂದು ತೋಳಗುಂಪು ತಿರುಗಾಡುವ ಪ್ರದೇಶವಾದರೋ ಅದರ ಹತ್ತಾರು ಪಟ್ಟು. ಪಾಳೆಂದು ಬರೆದಿಟ್ಟ ಜಾಗದಲ್ಲಿ ಜೀವವಿದೆಯೆಂದು ತೋರಿಸುವುದೇ ನನ್ನ ಚಿತ್ರಗಳ ಮೊದಲ ಕೆಲಸ.

ಇದಕ್ಕೆ ಅಂದವಾದ ಮುಖಚಿತ್ರ ಸಾಲದು. ಪ್ರಾಣಿಯ ಎರಡೂ ಪಕ್ಕ, ಬಾಲ, ಕಿವಿಯ ಹರುಕು, ಹಳೆಯ ಗಾಯದ ಗುರುತು, ಮೈಬಣ್ಣ ಇವೆಲ್ಲ ಸ್ಪಷ್ಟವಾಗಿ ಕಾಣುವಂತೆ ತೆಗೆದು, ದಿನಾಂಕ, ಸಮಯ, ಸ್ಥಳಗಳನ್ನು ಅಂದೇ ಬರೆದಿಟ್ಟು, ತಿದ್ದದ ಮೂಲ ಕಡತವನ್ನು ಹಾಗೆಯೇ ಉಳಿಸಿದರೆ ಮಾತ್ರ ಸಂಶೋಧಕರು ಅದನ್ನು ಬಳಸಬಲ್ಲರು. ಈ ಭಾಗದಲ್ಲಿ ಮೈಬಣ್ಣ ಬೇರೆಯಾಗಿ ಕಂಡ ಪ್ರಾಣಿಗಳ ಜಾಡು ಹಿಡಿದೇ ವಂಶವಾಹಿ ಪರೀಕ್ಷೆ ನಡೆದು, ತೋಳ ಮತ್ತು ಬೀದಿನಾಯಿಗಳ ಸಂಕರ ಆಗುತ್ತಿದೆಯೆಂಬುದು 2023ರಲ್ಲಿ ಪ್ರಕಟವಾದ ಅಧ್ಯಯನದಿಂದ ಖಚಿತವಾಯಿತು. ನಾಯಿಗಳಿಂದ ರೇಬೀಸ್, ಡಿಸ್ಟೆಂಪರ್ ರೋಗಗಳೂ ತೋಳಗಳಿಗೆ ಹರಡುತ್ತವೆ. ಆದುದರಿಂದ ತೋಳದ ಪಕ್ಕದಲ್ಲಿ ನಾಯಿ ಕಂಡ ಚಿತ್ರವನ್ನು, ಅದು ಎಷ್ಟೇ ಮಸುಕಾಗಿದ್ದರೂ, ನಾನು ಅಳಿಸುವುದಿಲ್ಲ.

ಬಿಸಿಲೇರಿದ ಮೇಲೆ ನೆಲದಿಂದೇಳುವ ಝಳ ದೂರದ ಪ್ರಾಣಿಯ ಅಂಚನ್ನೇ ಕರಗಿಸಿಬಿಡುತ್ತದೆ. ಎಷ್ಟು ದುಬಾರಿಯ ಲೆನ್ಸಾದರೂ ಆಗ ಉಪಯೋಗವಿಲ್ಲ. ಹೀಗಾಗಿ ನನ್ನ ಕೆಲಸವೆಲ್ಲ ಸೂರ್ಯೋದಯದ ಆಸುಪಾಸಿನದು. ವಾಹನವನ್ನು ಬಂಡಿದಾರಿಯಲ್ಲೇ ನಿಲ್ಲಿಸಿ ಅದರೊಳಗಿಂದಲೇ ತೆಗೆಯುತ್ತೇನೆ, ಏಕೆಂದರೆ ಹುಲ್ಲಿನ ಮೇಲೆ ಚಕ್ರ ಹರಿಸಿದರೆ ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳ ಗೂಡು ಉಳಿಯುವುದಿಲ್ಲ.

ಚಳಿಗಾಲದಲ್ಲಿ ಮರಿಗಳಿರುವ ಬಿಲದ ಹತ್ತಿರ ನಾನು ಹೋಗುವುದೇ ಇಲ್ಲ. ಜನರ ಸುಳಿವು ಸಿಕ್ಕರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆಡೆಗೆ ಸಾಗಿಸುತ್ತದೆ, ಆ ದಾರಿಯಲ್ಲಿ ನಾಯಿಗಳೂ ಹೆದ್ದಾರಿಯೂ ಇರುತ್ತವೆ. ಬಿಲದ ಚಿತ್ರ ಹಂಚಿಕೊಳ್ಳುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಸ್ಥಳದ ವಿವರವನ್ನು ಅರಣ್ಯ ಇಲಾಖೆಗೂ ಸಂಶೋಧಕರಿಗೂ ಕೊಡುತ್ತೇನೆ. ಬೇರೆ ಯಾರಿಗೇ ಚಿತ್ರ ಕಳುಹಿಸುವುದಿದ್ದರೂ ಅದರೊಳಗೆ ಅಡಗಿರುವ ಜಿಪಿಎಸ್ ಮಾಹಿತಿಯನ್ನು ಮೊದಲು ತೆಗೆದುಹಾಕುತ್ತೇನೆ.

ನನಗೆ ಈ ಬಯಲನ್ನು ಪರಿಚಯಿಸಿದವರು ಕುರಿಗಾರರು. ಹೆಚ್ಚಿನವರು ಮರಾಠಿ ಮಾತಾಡುವ ಧನಗರರು. ಬೆಳಗಾವಿಯ ಕಡೆಯಿಂದ ಹಿಂಡು ಹೊಡೆದುಕೊಂಡು ಬಂದ ಕನ್ನಡದ ಕುರುಬರೂ ಕೆಲವೊಮ್ಮೆ ಸಿಗುತ್ತಾರೆ, "ಯಾವೂರ್ರೀ ಸರ ನಿಮ್ದು" ಎಂದು ಕೇಳಿ ಕೂರಿಸಿಕೊಳ್ಳುತ್ತಾರೆ. ತೋಳ ಕುರಿ ಹಿಡಿದಾಗ ನಷ್ಟ ಅವರದು. ಸರ್ಕಾರದ ಪರಿಹಾರ ಸಿಗಬೇಕಾದರೆ ಬೇಗನೆ ದೂರು ಕೊಟ್ಟು ಪಂಚನಾಮೆ ಮಾಡಿಸಬೇಕು, ಅಲ್ಲಿಯವರೆಗೆ ಸತ್ತ ಕುರಿಯನ್ನು ಕದಲಿಸಬಾರದು. ಕರೆ ಬಂದರೆ ನಾನು ಹೋಗಿ ಕುರಿಯ ಕೊರಳಿನ ಹಲ್ಲುಗುರುತು, ಸುತ್ತಲಿನ ಹೆಜ್ಜೆಗುರುತುಗಳನ್ನು ಅಳತೆಪಟ್ಟಿ ಇಟ್ಟು ಚಿತ್ರಿಸಿ ಅರ್ಜಿಯ ಜೊತೆಗೆ ಕೊಡುತ್ತೇನೆ. ಪರಿಹಾರ ಕೈಸೇರಿದ ಕುರಿಗಾರ ವಿಷ ಹಾಕುವ ಯೋಚನೆಗೆ ಹೋಗುವುದು ಕಡಿಮೆ. ಪ್ರದರ್ಶನದ ಗೋಡೆ ಏರದ ಈ ಚಿತ್ರಗಳನ್ನೇ ನಾನು ನನ್ನ ವೃತ್ತಿಯ ಮುಖ್ಯ ಕೆಲಸವೆಂದು ಎಣಿಸಿದ್ದೇನೆ.